21 ಮೀಟರ್ ಎತ್ತರದ ಒಳಗಿನ ಅಪಾರ್ಟ್‌ಮೆಂಟಿಗೆ ಫೈರ್ ಅಲಾರಂ, ಸ್ಪ್ರಿಂಕ್ಲರ್ ಬೇಕಾ ಬೇಡ್ವಾ? (ಮಂಗಳೂರು)

ಕಾಪಿಕಾಡ್ ಕಾರ್ಯದರ್ಶಿ
ಎಲ್ಲರಿಗೂ ನಮಸ್ಕಾರ. ಬಿಜೈ ಕಾಪಿಕಾಡ್ ಹತ್ತಿರದ ಒಂದು ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ಕೆಲಸ ಈ ವರ್ಷ ನನ್ನ ತಲೆಗೆ ಬಿದ್ದಿದೆ. ಕಟ್ಟಡ ಹಳೆಯದು. ಬೇಸ್‌ಮೆಂಟ್ ಪಾರ್ಕಿಂಗ್, ಅದರ ಮೇಲೆ ಮನೆಗಳು. ಬಿಲ್ಡರ್ ಕೊಟ್ಟು ಹೋಗುವಾಗ ಪ್ರತಿ ಮಹಡಿಯ ಲಾಬಿಯಲ್ಲಿ ಸ್ಮೋಕ್ ಡಿಟೆಕ್ಟರ್, ಬೇಸ್‌ಮೆಂಟಿನಲ್ಲಿ ಬೆಂಕಿ ಬಿದ್ದರೆ ತಾನಾಗಿ ನೀರು ಚಿಮ್ಮುವ ಸ್ಪ್ರಿಂಕ್ಲರ್, ಮೆಟ್ಟಿಲ ಹತ್ತಿರ ಹೋಸ್ ರೀಲ್ ಎಲ್ಲ ಹಾಕಿಸಿದ್ದ. ಈಗ ಯಾವುದೂ ಕೆಲಸ ಮಾಡುವುದಿಲ್ಲ. ಮಳೆಗಾಲದಲ್ಲಿ ಅಲಾರಂ ಸುಮ್ಮಸುಮ್ನೆ ಕೂಗುತ್ತದೆ ಅಂತ ಯಾರೋ ಹೂಟರಿನ (ಅಲಾರಂ ಶಬ್ದ ಮಾಡುವ ಹಾರ್ನಿನ) ವಯರ್ ತೆಗೆದಿಟ್ಟಿದ್ದಾರೆ. ಸ್ಪ್ರಿಂಕ್ಲರ್ ಪೈಪ್ ಒಮ್ಮೆ ಸೋರಿ ಒಬ್ಬರ ಕಾರಿನ ಮೇಲೆ ತುಕ್ಕು ನೀರು ಬಿತ್ತಂತೆ, ಅವತ್ತಿನಿಂದ ವಾಲ್ವ್ ಬಂದ್.

ರಿಪೇರಿಗೆ ಕೊಟೇಶನ್ ತರಿಸಿ ಮೀಟಿಂಗಿನಲ್ಲಿ ಇಟ್ಟೆ. ಗಲಾಟೆಯೋ ಗಲಾಟೆ. ಒಬ್ಬರು, "ನಮ್ಮ ಬಿಲ್ಡಿಂಗ್ 21 ಮೀಟರಿನ ಒಳಗೆ ಉಂಟು, ನಮಗೆ ಯಾವ ರೂಲೂ ಇಲ್ಲ, ಎಲ್ಲ ಬಿಚ್ಚಿ ಗುಜರಿಗೆ ಹಾಕಿ" ಅಂದರು. ಇನ್ನೊಬ್ಬರು 21 ಅಲ್ಲ 15 ಅಂತ ಮೇಜು ಕುಟ್ಟಿದರು. ಚಹಾ ಕುಡಿದು ಎಲ್ಲರೂ ಎದ್ದು ಹೋದರು, ತೀರ್ಮಾನ ಆಗಲಿಲ್ಲ.

ಗೊತ್ತಿದ್ದವರು ಹೇಳಿ. 15 ಸರಿಯಾ 21 ಸರಿಯಾ? ಇರುವುದನ್ನು ಬಿಚ್ಚಿ ಹಾಕಬಹುದಾ? ಎಲ್ಲ ಒಟ್ಟಿಗೆ ಮಾಡಿಸಲು ಹಣ ಇಲ್ಲದಿದ್ದರೆ ಮೊದಲು ಯಾವುದು ಮಾಡಿಸಬೇಕು?

ನೀರುದೋಸೆ
ಬಿಚ್ಚಬೇಡಿ ಮಾರಾಯ್ರೆ. ಹಾಕಿಸಲು ಇನ್ನೊಮ್ಮೆ ದುಡ್ಡು ಯಾರು ಕೊಡುವುದು?

ಬಲ್ಮಠ ಪ್ಲಾನ್
15 ಮತ್ತು 21 ಎರಡೂ ಎಲ್ಲಿಂದ ಬಂತು ಅಂತ ಹೇಳುತ್ತೇನೆ. ರಾಷ್ಟ್ರೀಯ ಕಟ್ಟಡ ಸಂಹಿತೆ ಅಂತ ಒಂದು ಇದೆ, 2016ರದ್ದು, ನಾವೆಲ್ಲ ಎನ್‌ಬಿಸಿ ಅನ್ನುತ್ತೇವೆ. ಅದರ 4ನೇ ಭಾಗ ಪೂರ್ತಿ ಬೆಂಕಿ ಮತ್ತು ಜೀವ ರಕ್ಷಣೆಯ ಬಗ್ಗೆ. ಅದರ ಪ್ರಕಾರ 15 ಮೀಟರ್ ಮತ್ತು ಅದಕ್ಕಿಂತ ಮೇಲಿನದ್ದು ಬಹುಮಹಡಿ ಕಟ್ಟಡ. ಆದರೆ ಎನ್‌ಬಿಸಿ ತಾನಾಗಿಯೇ ಕಾನೂನು ಅಲ್ಲ. ಅಗ್ನಿಶಾಮಕ ಸೇವೆ ಸಂವಿಧಾನದ 12ನೇ ಅನುಸೂಚಿಯಲ್ಲಿ ಬರುವ ವಿಷಯ, ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳು ನೋಡಿಕೊಳ್ಳಬೇಕು. ರಾಜ್ಯ ತನ್ನ ಬೈಲಾದಲ್ಲಿ ಎಷ್ಟು ಸೇರಿಸಿಕೊಳ್ಳುತ್ತದೋ ಅಷ್ಟು ಕಡ್ಡಾಯ. ಕರ್ನಾಟಕದಲ್ಲಿ ಇರುವುದು 1964ರ ಅಗ್ನಿಶಾಮಕ ದಳ ಕಾಯ್ದೆ. ಅದಕ್ಕೆ 2023ರಲ್ಲಿ ತಿದ್ದುಪಡಿ ತಂದಾಗ ಬಹುಮಹಡಿ ಅಂದರೆ 21 ಮೀಟರ್ ಅಂತ ಲೆಕ್ಕ ಹಿಡಿದರು. ಹೊಸದಾಗಿ ಕಟ್ಟುವ ಅಂಥ ಕಟ್ಟಡಗಳ ಆಸ್ತಿ ತೆರಿಗೆಯ ಮೇಲೆ ಶೇ. 1 ಅಗ್ನಿ ಸೆಸ್ ಬಂದದ್ದು ಕೂಡ ಅದರಲ್ಲೇ.

ಹಾಗಾಗಿ ನಿಮ್ಮ ಮೀಟಿಂಗಿನಲ್ಲಿ ಇಬ್ಬರೂ ಅರ್ಧರ್ಧ ಸರಿ. ಆದರೆ ಅಗ್ನಿಶಾಮಕ ಇಲಾಖೆಯ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಬೇಡ ಅನ್ನುವುದು ಬೇರೆ, ಉಪಕರಣವೇ ಬೇಡ ಅನ್ನುವುದು ಬೇರೆ. ನಿಮ್ಮದು ಹಳೆಯ ಕಟ್ಟಡ, 15 ಮೀಟರ್ ಗೆರೆ ಇದ್ದಾಗಲೇ ಎನ್‌ಒಸಿ ತೆಗೆದುಕೊಂಡು ಕಟ್ಟಿರಬಹುದು. ಬಿಲ್ಡರ್ ಧರ್ಮಕ್ಕೆ ಸ್ಪ್ರಿಂಕ್ಲರ್ ಹಾಕಿಸುವುದಿಲ್ಲ, ಎಲ್ಲೋ ಬರೆದಿರಬೇಕು. ಪಾಲಿಕೆಯಿಂದ ಪಾಸಾದ ಪ್ಲಾನ್ ಮತ್ತು ಹಳೆಯ ಎನ್‌ಒಸಿ ಪತ್ರ ಹುಡುಕಿ. ಅದರಲ್ಲಿ ಷರತ್ತಿನ ಪಟ್ಟಿ ಇರುತ್ತದೆ. ಬಿಚ್ಚಿ ಹಾಕಿದರೆ ಪಾಸಾದ ಪ್ಲಾನಿಗೆ ವಿರುದ್ಧ ಹೋದ ಹಾಗೆ ಆಗುತ್ತದೆ.

ಇನ್ನೊಂದು. ಕಾರ್ ಪಾರ್ಕಿಂಗಿನ ಬೇಸ್‌ಮೆಂಟ್ 200 ಚದರ ಮೀಟರಿಗಿಂತ ದೊಡ್ಡದಿದ್ದರೆ ಅಲ್ಲಿ ಸ್ಪ್ರಿಂಕ್ಲರ್ ಬೇಕು ಅಂತ ಎನ್‌ಬಿಸಿ ಹೇಳುತ್ತದೆ. ಮನೆಗಳ ಒಳಗೆ ಬೇಕಾ ಬೇಡವಾ ಅನ್ನುವುದು ಎತ್ತರದ ಮೇಲೆ ಹೋಗುತ್ತದೆ. ಬೇಸ್‌ಮೆಂಟಿಗೆ ಹಾಗಲ್ಲ.

ಕುಡ್ಲ ಕಂಜೂಸ್
ಅದಕ್ಕೇ ಅಲ್ವಾ ಎಲ್ಲ ಹೊಸ ಬಿಲ್ಡಿಂಗ್ 20.9 ಮೀಟರ್! ಮೊದಲು 14.9 ಇತ್ತು. ಬಿಲ್ಡರ್‌ಗಳ ಟೇಪ್ ಬಹಳ ಬುದ್ಧಿವಂತ.

ಬಲ್ಮಠ ಪ್ಲಾನ್
@ಕುಡ್ಲ ಕಂಜೂಸ್ ತಮಾಷೆ ಅಲ್ಲ, ನಮ್ಮ ಊರಲ್ಲಿ ಎತ್ತರ ಅಳೆಯುವುದೇ ಒಂದು ತಲೆನೋವು. ಸಮತಟ್ಟು ಜಾಗ ಎಲ್ಲಿದೆ? ಕದ್ರಿ, ಬೆಂದೂರು, ಬಿಜೈ ಎಲ್ಲ ಗುಡ್ಡ. ಮುಂದಿನ ರಸ್ತೆಯಿಂದ ನೋಡಿದರೆ ಆರು ಮಹಡಿ, ಹಿಂದಿನ ಓಣಿಯಿಂದ ನೋಡಿದರೆ ಎಂಟು. ಬೇಸ್‌ಮೆಂಟ್ ಅಂತ ಬರೆದದ್ದು ಒಂದು ಬದಿಯಲ್ಲಿ ಪೂರ್ತಿ ಬಯಲು. ಕಾಗದದಲ್ಲಿ ಎಷ್ಟು ಅಂತ ತಿಳಿಯಬೇಕಾದರೆ ಪ್ಲಾನಿನ ಸೆಕ್ಷನ್ ಡ್ರಾಯಿಂಗ್ ನೋಡಬೇಕು, ಅಲ್ಲಿ ಎಲ್ಲಿಂದ ಎಲ್ಲಿವರೆಗೆ ಅಂತ ಗೆರೆ ಎಳೆದಿರುತ್ತಾರೆ. ಬೆಂಕಿ ಬಿದ್ದಾಗ ಮಾತ್ರ ಹಿಂದಿನ ಓಣಿಯ ಲೆಕ್ಕವೇ ನಿಜ. ಏಣಿ ಅಲ್ಲಿಂದ ಇಡಬೇಕಲ್ಲ.

ಉರ್ವದ ಅಕ್ಕ
ನನ್ನದೊಂದು ಸಣ್ಣ ಸಂಶಯ. ನಮ್ಮ ಮಗ ಹೊಸ ಫ್ಲ್ಯಾಟ್ ತೆಗೆದುಕೊಂಡಿದ್ದಾನೆ, ಹಾಲಿನಲ್ಲಿ ಬೆಡ್‌ರೂಮಿನಲ್ಲಿ ಎಲ್ಲ ಸ್ಪ್ರಿಂಕ್ಲರ್ ಇದೆ. ಒಗ್ಗರಣೆ ಹೊಗೆಗೆ, ಬಂಗುಡೆ ಕಾಯಿಸುವಾಗ, ಸಂಜೆ ಧೂಪ ಹಾಕುವಾಗ ಇಡೀ ಮನೆಗೆ ನೀರು ಬಿದ್ದರೆ ಎಂತ ಮಾಡುವುದು? ಗೃಹಪ್ರವೇಶಕ್ಕೆ ಗಣಹೋಮ ಇಟ್ಟುಕೊಂಡಿದ್ದೇವೆ, ಭಟ್ರು ಹೊಗೆ ಕಮ್ಮಿ ಮಾಡುವ ಪೈಕಿ ಅಲ್ಲ.

ಸುರತ್ಕಲ್ ಫಿಟ್ಟರ್
ಅಕ್ಕ, ಹೊಗೆಗೆ ಸ್ಪ್ರಿಂಕ್ಲರ್ ಒಡೆಯುವುದೇ ಇಲ್ಲ. ನಿಶ್ಚಿಂತೆಯಿಂದ ಬಂಗುಡೆ ಕಾಯಿಸಿ.

ನಾನು ಇದೇ ಕೆಲಸದಲ್ಲಿ ಇರುವವನು, ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ. ಸ್ಪ್ರಿಂಕ್ಲರ್ ಹೆಡ್ಡಿನ ನಡುವೆ ಸಣ್ಣ ಗಾಜಿನ ಬಲ್ಬ್ ಇರುತ್ತದೆ, ಒಳಗೆ ಬಣ್ಣದ ದ್ರವ. ಬಿಸಿಗೆ ದ್ರವ ಹಿಗ್ಗುತ್ತದೆ, ಗಾಜು ಒಡೆಯುತ್ತದೆ, ಮುಚ್ಚಳ ಬಿದ್ದು ನೀರು ಬರುತ್ತದೆ. ಅಷ್ಟೇ. ಕರೆಂಟ್ ಇಲ್ಲ, ಸೆನ್ಸರ್ ಇಲ್ಲ. ಕಿತ್ತಳೆ ಬಣ್ಣದ್ದು 57 ಡಿಗ್ರಿಗೆ, ಕೆಂಪು 68ಕ್ಕೆ, ಹಳದಿ 79ಕ್ಕೆ, ಹಸಿರು 93ಕ್ಕೆ, ನೀಲಿ 141ಕ್ಕೆ ಒಡೆಯುತ್ತದೆ. ಮನೆ, ಆಫೀಸಿನಲ್ಲಿ ಕಾಣುವುದು ಹೆಚ್ಚಾಗಿ ಕೆಂಪು. ಸೀಲಿಂಗಿನ ಹತ್ತಿರ ಗಾಳಿಯೇ 68 ಡಿಗ್ರಿ ಆಗಬೇಕಾದರೆ ನಿಜವಾದ ಬೆಂಕಿ ಬೇಕು. ಒಂದು ಮಾತ್ರ, ಹೋಮಕುಂಡ ಹೆಡ್ಡಿನ ನೇರ ಕೆಳಗೆ ಇಡಬೇಡಿ. ಬಾಲ್ಕನಿಯ ಕಡೆಗೆ ಇಡಿ.

ಸಿನೆಮಾದಲ್ಲಿ ಒಬ್ಬ ಲೈಟರ್ ಹಿಡಿದ ಕೂಡಲೇ ಇಡೀ ಕಟ್ಟಡಕ್ಕೆ ಮಳೆ ಬರುತ್ತದಲ್ಲ, ಅದು ಸುಳ್ಳು. ಯಾವ ಹೆಡ್ಡಿಗೆ ಬಿಸಿ ತಾಗಿತೋ ಅದೊಂದೇ ಒಡೆಯುತ್ತದೆ. ಹೆಚ್ಚಿನ ಬೆಂಕಿ ಒಂದೆರಡು ಹೆಡ್ಡಿನಲ್ಲೇ ಹತೋಟಿಗೆ ಬರುತ್ತದೆ. ಅಗ್ನಿಶಾಮಕದವರು ಹೋಸಿನಲ್ಲಿ ಹೊಡೆಯುವ ನೀರಿನ ಮುಂದೆ ಇದು ಏನೂ ಅಲ್ಲ. ಸೋಫಾದ ಚಿಂತೆ ಇದ್ದವರಿಗೆ ಸ್ಪ್ರಿಂಕ್ಲರೇ ಲಾಭ.

ಹೊಗೆಗೆ ಕೂಗುವುದು ಸ್ಮೋಕ್ ಡಿಟೆಕ್ಟರ್. ಅದು ಬೇರೆ ಸಾಮಾನು, ಅದರಿಂದ ನೀರು ಬರುವುದಿಲ್ಲ. ಅಡುಗೆಮನೆಯಲ್ಲಿ ಅದನ್ನು ಹಾಕಬಾರದು, ಅಲ್ಲಿ ಹೀಟ್ ಡಿಟೆಕ್ಟರ್ ಹಾಕಬೇಕು.

ಉರ್ವದ ಅಕ್ಕ
ಅಬ್ಬ. ಇದನ್ನು ಬಿಲ್ಡರ್ ಹೇಳಿದ್ದರೆ ನಾನು ಅಷ್ಟು ದಿನ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಥ್ಯಾಂಕ್ಸ್ ಅಣ್ಣ.

ಕುಡ್ಲ ಕಂಜೂಸ್
ಎಲ್ಲ ಸರಿ, ಆದರೆ ಒಂದು ಮಾತು ಹೇಳಲಾ? ವರ್ಷಕ್ಕೆ ನಾಲ್ಕು ತಿಂಗಳು ಮಳೆ ಸುರಿಯುವ ಊರು ಇದು. ಗೋಡೆಯೆಲ್ಲ ಪಾಚಿ. ಸಿಮೆಂಟಿನ ಮನೆಗೆ ಬೆಂಕಿ ಎಲ್ಲಿಂದ ಹತ್ತುತ್ತದೆ? ಈ ಎಎಮ್‌ಸಿ (ವಾರ್ಷಿಕ ನಿರ್ವಹಣೆ ಒಪ್ಪಂದ), ರೀಫಿಲ್ಲಿಂಗ್ ಎಲ್ಲ ಕಂಪನಿಗಳ ಹೊಟ್ಟೆಪಾಡು. ಮೆಂಟೆನೆನ್ಸ್ ಈಗಲೇ ಜಾಸ್ತಿ ಆಗಿದೆ.

ಫಳ್ನೀರ್ ಸಿಸ್ಟರ್
@ಕುಡ್ಲ ಕಂಜೂಸ್ ಸಿಮೆಂಟ್ ಉರಿಯುವುದಿಲ್ಲ ನಿಜ. ಮನೆಯೊಳಗಿನ ಫೋಮ್ ಹಾಸಿಗೆ, ಸೋಫಾ, ಪರದೆ, ಪ್ಲೈವುಡ್ ಕಪಾಟು, ವಯರ್? ಅವು ಉರಿದರೆ ಬರುವ ಹೊಗೆಯೇ ಜೀವ ತೆಗೆಯುವುದು. ಸುಟ್ಟಗಾಯಕ್ಕಿಂತ ಹೊಗೆಗೆ ಸಾಯುವವರು ಜಾಸ್ತಿ. 2011ರ ಡಿಸೆಂಬರಿನಲ್ಲಿ ಕೋಲ್ಕತ್ತಾದ ಎಎಂಆರ್‌ಐ ಆಸ್ಪತ್ರೆಯಲ್ಲಿ ಸುಮಾರು 90 ಜನ ಹೋದರಲ್ಲ, ಬೆಂಕಿ ಇದ್ದದ್ದು ಬೇಸ್‌ಮೆಂಟಿನಲ್ಲಿ. ಪಾರ್ಕಿಂಗಿಗೆ ಅಂತ ಇದ್ದ ಜಾಗದಲ್ಲಿ ಸಾಮಾನು ತುಂಬಿಸಿಟ್ಟಿದ್ದರು. ಮೇಲಿನ ವಾರ್ಡಿಗೆ ಬೆಂಕಿ ಬರಲೇ ಇಲ್ಲ, ಹೊಗೆ ಬಂತು. ಮಲಗಿದ್ದ ರೋಗಿಗಳು ಎದ್ದು ಓಡುವುದು ಹೇಗೆ?

ನಾನು ನರ್ಸಿಂಗ್ ಕೆಲಸದಲ್ಲಿ ಇದ್ದೇನೆ. ಅದನ್ನು ಓದಿದ ಮೇಲೆ ಯಾವ ಬೇಸ್‌ಮೆಂಟಿನಲ್ಲಿ ಹಳೆ ಹಾಸಿಗೆ, ರಟ್ಟಿನ ಪೆಟ್ಟಿಗೆ ಕಂಡರೂ ನನಗೆ ಹೊಟ್ಟೆಯಲ್ಲಿ ಕಸಿವಿಸಿ.

ಬಂದರು ಬಾಬಣ್ಣ
ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ಕೂಡ ಹಾಗೇ. 2010ರ ಫೆಬ್ರವರಿ 23. ಕರೆಂಟಿನ ವಯರ್ ಮಹಡಿಯಿಂದ ಮಹಡಿಗೆ ಹೋಗುವ ಡಕ್ಟಿನಲ್ಲಿ ಹತ್ತಿದ್ದು, ಹೊಗೆ ಮೇಲೆ ಮೇಲೆ ಹೋಯಿತು. ತುರ್ತು ಬಾಗಿಲಿಗೆ ಬೀಗ. ಕಿಟಕಿ ಒಡೆದು ಜನ ಹಾರಿದರು. 9 ಜನ ಸತ್ತರು. ನನ್ನ ಅಳಿಯ ಆಗ ಅದೇ ರಸ್ತೆಯ ಇನ್ನೊಂದು ಆಫೀಸಿನಲ್ಲಿದ್ದ, ಇವತ್ತಿಗೂ ಹೊಸ ಆಫೀಸಿಗೆ ಸೇರಿದರೆ ಮೊದಲು ಮೆಟ್ಟಿಲು ಎಲ್ಲಿದೆ ನೋಡುತ್ತಾನೆ.

ಬಲ್ಮಠ ಪ್ಲಾನ್
ಹೌದು. ಡಕ್ಟ್ ಪ್ರತಿ ಮಹಡಿಯಲ್ಲಿ ಸೀಲ್ ಆಗಿರಬೇಕು ಅನ್ನುವುದು ಅದಕ್ಕೇ. ಇಲ್ಲದಿದ್ದರೆ ಅದು ಚಿಮಣಿ ಆಗುತ್ತದೆ. ಕಾರ್ಯದರ್ಶಿಯವರೇ, ನಿಮ್ಮ ಲಾಬಿಯ ವಿದ್ಯುತ್ ಡಕ್ಟಿನ ಬಾಗಿಲು ತೆಗೆದು ಮೇಲೆ ಕೆಳಗೆ ಟಾರ್ಚ್ ಬಿಡಿ. ಕೆಳಗಿನ ಮಹಡಿ ಕಂಡರೆ ಹೊಗೆಗೂ ದಾರಿ ಇದೆ ಅಂತ ಅರ್ಥ. ಇದನ್ನು ಮುಚ್ಚಲು ದೊಡ್ಡ ಖರ್ಚಿಲ್ಲ, ಬೆಂಕಿ ತಡೆಯುವ ಸೀಲೆಂಟ್, ಬೋರ್ಡ್ ಸಿಗುತ್ತದೆ. ಥರ್ಮೋಕೋಲ್ ತುರುಕಬೇಡಿ. ಹಾಗೆ ಮಾಡಿದವರನ್ನೂ ನೋಡಿದ್ದೇನೆ.

ಮತ್ತೆ ಡಕ್ಟಿನೊಳಗೆ ಪೊರಕೆ, ಹಳೆ ಪೇಪರ್, ಚಪ್ಪಲಿ ಇದ್ದೇ ಇರುತ್ತದೆ. ಅದನ್ನು ಇವತ್ತೇ ತೆಗೆಸಿ.

ಕುಡ್ಲ ಕಂಜೂಸ್
ಅದೆಲ್ಲ ಆಸ್ಪತ್ರೆ, ಆಫೀಸ್. ಮನೆಗೆ ಬನ್ನಿ.

ಫಳ್ನೀರ್ ಸಿಸ್ಟರ್
ಲಂಡನ್ನಿನ ಗ್ರೆನ್‌ಫೆಲ್ ಟವರ್ ಮನೆಗಳೇ ಅಲ್ವಾ? 2017ರ ಜೂನ್ 14. ಒಂದು ಫ್ಲ್ಯಾಟಿನ ಫ್ರಿಜ್ಜಿನಿಂದ ಶುರು, 72 ಜನ ಸತ್ತರು. ಆ ಮನೆಗಳಲ್ಲಿ ಸ್ಪ್ರಿಂಕ್ಲರ್ ಇರಲಿಲ್ಲ. ಅಲ್ಲಿಯೂ ಮಳೆ ನಮ್ಮಷ್ಟೇ.

ನೀರುದೋಸೆ
ನಮ್ಮಷ್ಟು ಇಲ್ಲ ಸಿಸ್ಟರ್. ಮಂಗಳೂರಿನ ಜುಲೈ ತಿಂಗಳ ಮಳೆ ಲಂಡನ್ನಿಗೆ ಇಡೀ ವರ್ಷಕ್ಕೂ ಬರುವುದಿಲ್ಲ. ಮಾತಿಗೆ ಹೇಳಿದೆ ಅಷ್ಟೇ, ಉಳಿದದ್ದು ನಿಜ.

ದೇರೆಬೈಲ್ ದುಬೈ
ಗ್ರೆನ್‌ಫೆಲ್‌ನಲ್ಲಿ ದೊಡ್ಡ ವಿಲನ್ ಹೊರಗೋಡೆಗೆ ಹೊದಿಸಿದ ಕ್ಲ್ಯಾಡಿಂಗ್ ಹಲಗೆ, ಅದನ್ನು ಬಿಡಬೇಡಿ. ದುಬೈಯ ಟಾರ್ಚ್ ಟವರಿನಲ್ಲೂ ಅದೇ ಕಥೆ, 2015ರಲ್ಲಿ ಒಮ್ಮೆ, 2017ರಲ್ಲಿ ಇನ್ನೊಮ್ಮೆ ಹೊರಗೋಡೆ ಉರಿಯಿತು. ಎರಡು ಸಲವೂ ಒಬ್ಬರೂ ಸಾಯಲಿಲ್ಲ, ಎಲ್ಲರನ್ನೂ ಇಳಿಸಿದರು. ಅಲ್ಲಿ ಅಲಾರಂ ಕೂಗಿದರೆ ಜನ ಇಳಿಯುತ್ತಾರೆ. ಈಗ ಯುಎಇಯಲ್ಲಿ ಹಸ್ಸಂತುಕ್ ಅಂತ ವ್ಯವಸ್ಥೆ ಉಂಟು, ಡಿಟೆಕ್ಟರ್ ಕೂಗಿದರೆ ನೇರ ಸಿವಿಲ್ ಡಿಫೆನ್ಸಿಗೆ (ಅಲ್ಲಿಯ ಅಗ್ನಿಶಾಮಕ ಇಲಾಖೆ) ಸುದ್ದಿ ಹೋಗುತ್ತದೆ.

ಇಲ್ಲಿಗೆ ಬಂದ ಮೇಲೆ ನಮ್ಮ ಬಿಲ್ಡಿಂಗಿನಲ್ಲಿ ಒಮ್ಮೆ ಅಲಾರಂ ಕೂಗಿತು. ನಾನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಮೆಟ್ಟಿಲು ಇಳಿದು ಗೇಟಿನ ಹತ್ತಿರ ನಿಂತೆ. ಬೇರೆ ಯಾರೂ ಬರಲಿಲ್ಲ. ವಾಚ್‌ಮ್ಯಾನ್ ಬಂದು "ಎಂತ ಸರ್, ಊರಿಗೆ ಹೊರಟದ್ದಾ?" ಅಂತ ಕೇಳಿದ.

ನೀರುದೋಸೆ
ವಾಚ್‌ಮ್ಯಾನ್‌ಗೆ ನನ್ನ ಮತ.

ಸುರತ್ಕಲ್ ಫಿಟ್ಟರ್
ಜನ ಇಳಿಯದೇ ಇರಲು ಕಾರಣ ಸುಳ್ಳು ಅಲಾರಂ. ನಮ್ಮಲ್ಲಿ ಅದು ಜಾಸ್ತಿ, ಅದಕ್ಕೂ ಕಾರಣ ಉಂಟು. ಈಗ ಹಾಕುವ ಹೆಚ್ಚಿನ ಡಿಟೆಕ್ಟರ್ ಬೆಳಕಿನ ಮೇಲೆ ಕೆಲಸ ಮಾಡುವಂಥದ್ದು. ಒಳಗಿನ ಸಣ್ಣ ಕೋಣೆಗೆ ಹೊಗೆ ನುಗ್ಗಿದರೆ ಬೆಳಕು ಚದುರುತ್ತದೆ, ಅದನ್ನು ಕಂಡು ಕೂಗುತ್ತದೆ. ಹೊಗೆ ಬದಲು ಹುಳ ನುಗ್ಗಿದರೂ, ಮಳೆಗಾಲದ ತೇವ ಕೂತರೂ, ಧೂಳು ತುಂಬಿದರೂ ಅದಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಮೊದಲ ಮಳೆಗೆ ರೆಕ್ಕೆಹುಳ ಏಳುತ್ತವಲ್ಲ, ಮರುದಿನ ನಮಗೆ ಫೋನೋ ಫೋನ್. ತೆರೆದ ಲಾಬಿಯಲ್ಲಿ ಗಾಳಿಮಳೆ ನೇರ ಹೊಡೆಯುವ ಜಾಗಕ್ಕೆ ಡಿಟೆಕ್ಟರ್ ಹಾಕಿದ್ದರೆ ಮುಗಿಯಿತು.

ಇದಕ್ಕೆ ಮದ್ದು ವಯರ್ ಕಿತ್ತು ಹಾಕುವುದಲ್ಲ. ಮೇ ತಿಂಗಳಲ್ಲಿ ಒಮ್ಮೆ ಎಲ್ಲ ಡಿಟೆಕ್ಟರ್ ಬಿಚ್ಚಿ ಬ್ಲೋವರ್ ಹೊಡೆಸಿ, ಹಳತಾದದ್ದನ್ನು ಬದಲಿಸಿ, ಮಳೆ ಬಡಿಯುವ ಜಾಗದ್ದನ್ನು ಒಳಗೆ ಸರಿಸಿ. ಪ್ಯಾನೆಲಿನ ಬ್ಯಾಟರಿ ನೋಡಿ. ಮೆಸ್ಕಾಂ ಕರೆಂಟ್ ಹೋದಾಗ ಪ್ಯಾನೆಲ್ ಸತ್ತರೆ ಅದು ಇದ್ದೂ ಇಲ್ಲದ ಹಾಗೆ. ಕೊಟೇಶನ್ ಕೊಡುವವನಿಗೆ ಡಿಟೆಕ್ಷನ್ ಕೆಲಸ ಭಾರತೀಯ ಮಾನಕ ಐಎಸ್ 2189 ಪ್ರಕಾರ, ಸ್ಪ್ರಿಂಕ್ಲರ್ ಕೆಲಸ ಐಎಸ್ 15105 ಪ್ರಕಾರ ಅಂತ ಬರೆದುಕೊಡಲು ಹೇಳಿ. ಬರೆಯಲು ಹಿಂದೆ ಮುಂದೆ ನೋಡಿದರೆ ಬೇರೆಯವನನ್ನು ಹುಡುಕಿ.

ಕಾಪಿಕಾಡ್ ಕಾರ್ಯದರ್ಶಿ
ಫಿಟ್ಟರಣ್ಣ, ಸ್ಪ್ರಿಂಕ್ಲರ್ ವಾಲ್ವ್ ತೆರೆದರೆ ಮತ್ತೆ ಸೋರುತ್ತದೆ ಅಂತ ಹೆದರಿಕೆ. ಪೈಪ್ ಪೂರ್ತಿ ಬದಲಿಸಬೇಕಾ? ಕೊಟೇಶನ್ ಕೊಟ್ಟವರು ಹಾಗೆಯೇ ಹೇಳಿದ್ದಾರೆ, ಮೊತ್ತ ನೋಡಿ ಖಜಾಂಚಿ ಮಾತು ಬಿಟ್ಟಿದ್ದಾರೆ.

ಸುರತ್ಕಲ್ ಫಿಟ್ಟರ್
ನೋಡದೆ ಪೂರ್ತಿ ಬದಲಿಸಿ ಅನ್ನುವವರನ್ನು ನಂಬಬೇಡಿ, ನೋಡದೆ ಏನೂ ಆಗುವುದಿಲ್ಲ ಅನ್ನುವವರನ್ನೂ ನಂಬಬೇಡಿ. ಮೊದಲು ಪ್ರೆಶರ್ ಟೆಸ್ಟ್ ಮಾಡಿಸಿ. ಎಲ್ಲಿ ಸೋರುತ್ತದೆ ಅಂತ ಗೊತ್ತಾಗುತ್ತದೆ. ಹೆಚ್ಚಾಗಿ ಜಾಯಿಂಟ್, ಥ್ರೆಡ್ ಕತ್ತರಿಸಿದ ಜಾಗ. ಕಬ್ಬಿಣದ ಪೈಪಿಗೆ ನಮ್ಮ ಉಪ್ಪುಗಾಳಿ ವೈರಿ. ತಣ್ಣೀರುಬಾವಿ, ಪಣಂಬೂರು ಕಡೆ ಇನ್ನೂ ಜಾಸ್ತಿ. ಟ್ಯಾಂಕಿಗೆ ಸವುಳು ಬಾವಿನೀರು ಬಿಟ್ಟಿದ್ದರೆ ಒಳಗಿನಿಂದಲೂ ತಿನ್ನುತ್ತದೆ. ಫೈರ್ ಟ್ಯಾಂಕಿಗೆ ಆದಷ್ಟು ತುಂಬೆಯ ನಳ್ಳಿ ನೀರೇ ತುಂಬಿಸಿ.

ಆಮೇಲೆ ಹೆಡ್ ನೋಡಿ. ಪೇಂಟ್ ಹೊಡೆಯುವಾಗ ಸೀಲಿಂಗ್ ಜತೆ ಸ್ಪ್ರಿಂಕ್ಲರಿಗೂ ಬಳಿದಿರುತ್ತಾರೆ. ಪೇಂಟ್ ಬಿದ್ದ ಹೆಡ್ ಒರೆಸಿ ಸರಿ ಮಾಡುವಂಥದ್ದಲ್ಲ, ಬದಲಿಸಬೇಕು. ಪಾರ್ಕಿಂಗಿನಂಥ ಜಾಗದಲ್ಲಿ ಒಂದು ಹೆಡ್ ಸುಮಾರು 12 ಚದರ ಮೀಟರ್ ನೋಡಿಕೊಳ್ಳುತ್ತದೆ, ಒಂದು ಸತ್ತರೆ ಅಷ್ಟು ಜಾಗ ಖಾಲಿ.

ಪಂಪ್ ರೂಮಿಗೆ ಹೋಗಿ ಸ್ವಿಚ್ ನೋಡಿ. ಆಟೋ, ಮ್ಯಾನ್ಯುವಲ್, ಆಫ್ ಅಂತ ಇರುತ್ತದೆ. ಜಾಕಿ ಪಂಪ್ ಪೈಪಿನಲ್ಲಿ ಪ್ರೆಶರ್ ಹಿಡಿದಿಟ್ಟುಕೊಳ್ಳುತ್ತದೆ, ಹೆಡ್ ಒಡೆದು ಪ್ರೆಶರ್ ಇಳಿದರೆ ದೊಡ್ಡ ಪಂಪ್ ತಾನಾಗಿಯೇ ಎದ್ದೇಳಬೇಕು. ನಾನು ನೋಡಿದ ಹೆಚ್ಚಿನ ಅಪಾರ್ಟ್‌ಮೆಂಟಿನಲ್ಲಿ ಸ್ವಿಚ್ ಆಫ್. ಕೇಳಿದರೆ ಜಾಕಿ ಪಂಪ್ ರಾತ್ರಿ ಶಬ್ದ ಮಾಡುತ್ತದೆ, ಕೆಳಗಿನ ಮನೆಯವರು ನಿದ್ದೆ ಬರುವುದಿಲ್ಲ ಅಂತ ಜಗಳ ಮಾಡಿದರು ಅನ್ನುತ್ತಾರೆ. ಜಾಕಿ ಪಂಪ್ ಪದೇ ಪದೇ ಓಡುವುದೇ ಎಲ್ಲೋ ಸೋರುತ್ತಿದೆ ಅನ್ನುವ ಸೂಚನೆ. ಸೋರುವುದನ್ನು ಸರಿ ಮಾಡಿದರೆ ಶಬ್ದವೂ ನಿಲ್ಲುತ್ತದೆ.

ಅಣ್ಣ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ: 15ಕ್ಕೂ 21ಕ್ಕೂ ಜಗಳ ಆಡುವುದು ಆಮೇಲೆ. ವಾಲ್ವ್ ತೆರೆದು, ಸ್ವಿಚ್ ಆಟೋದಲ್ಲಿ ಇಟ್ಟು, ಹೂಟರ್ ವಯರ್ ಸೇರಿಸಿದರೆ ಅರ್ಧ ಕೆಲಸ ಆಯಿತು. ಅದಕ್ಕೆ ಬೇಕಾಗುವುದು ಒಬ್ಬ ಒಳ್ಳೆಯ ಟೆಕ್ನಿಷಿಯನ್, ಹೊಸ ಸಿಸ್ಟಂ ಅಲ್ಲ.

ಮಣ್ಣಗುಡ್ಡ ಮೇಷ್ಟ್ರು
ಒಳ್ಳೆಯ ಚರ್ಚೆ. ಇಲ್ಲಿ ಯಾರೂ ಹೇಳದ ಒಂದು ವಿಷಯ, ಟೆರೇಸಿನ ಶೀಟ್. ಮಳೆ ಸೋರುತ್ತದೆ ಅಂತ ಮಂಗಳೂರಿನಲ್ಲಿ ಎಲ್ಲ ಅಪಾರ್ಟ್‌ಮೆಂಟಿನ ತಲೆ ಮೇಲೂ ಶೀಟ್ ಹಾಕಿದ್ದಾರೆ. ಮೊದಲು ಬಟ್ಟೆ ಒಣಗಿಸಲು. ಆಮೇಲೆ ಅಸೋಸಿಯೇಷನ್ ಹಾಲ್. ಆಮೇಲೆ ಹಳೆ ಸೋಫಾ, ಶಾಮಿಯಾನದ ಬಟ್ಟೆ, ಪೇಂಟ್ ಡಬ್ಬಿ. ಕೊನೆಗೆ ಬಾಗಿಲಿಗೆ ಬೀಗ, ಕೀಲಿ ಅಧ್ಯಕ್ಷರ ಮನೆಯಲ್ಲಿ, ಅಧ್ಯಕ್ಷರು ಮಗಳ ಮನೆಗೆ ಮಸ್ಕತ್‌ಗೆ. ಕೆಳಗೆ ಹೊಗೆ ತುಂಬಿದರೆ ಮೇಲೆ ಹೋಗೋಣ ಅಂದರೆ ಅಲ್ಲಿ ಬೀಗ.

2019ರಲ್ಲಿ ಸೂರತ್‌ನಲ್ಲಿ 22 ಮಕ್ಕಳು ಹೋದದ್ದು ಕೂಡ ಕಟ್ಟಡದ ತಲೆ ಮೇಲೆ ಎಬ್ಬಿಸಿದ ಕೋಚಿಂಗ್ ಕ್ಲಾಸಿನಲ್ಲಿ. ಇಳಿಯುವ ಮೆಟ್ಟಿಲೇ ಮರದ್ದು, ಅದು ಉರಿದುಹೋಗಿತ್ತು.

ಸುರತ್ಕಲ್ ಫಿಟ್ಟರ್
ಮೇಷ್ಟ್ರೇ, ಸರಿಯಾದ ಮಾತು. ಶೀಟಿನ ಅಡಿಯಲ್ಲಿ ಸ್ಪ್ರಿಂಕ್ಲರ್ ಹಾಕುವುದಿದ್ದರೆ ಕೆಂಪು ಬಲ್ಬ್ ಹಾಕಬಾರದು. ಮಾರ್ಚ್ ಏಪ್ರಿಲ್ ಬಿಸಿಲಿಗೆ ಅಲ್ಲಿ ಸೆಖೆ ಎಷ್ಟು ಅಂತ ಬಟ್ಟೆ ಒಣಗಿಸಿದವರಿಗೆ ಗೊತ್ತು. ಅಂಥ ಕಡೆಗೆ ಹಸಿರು, 93ರದ್ದು. ಸಾಮಾನ್ಯ ಬಿಸಿಗಿಂತ ಸುಮಾರು 30 ಡಿಗ್ರಿ ಮೇಲಿನದ್ದು ಆರಿಸಬೇಕು ಅನ್ನುವುದು ಲೆಕ್ಕ.

ಪಿಜಿ ಪುಟ್ಟಿ ಕಂಕನಾಡಿ
ನಾನು ಪಿಜಿಯಲ್ಲಿ ಇರುವುದು. ಹಳೆ ಮನೆಯನ್ನು ಪ್ಲೈವುಡ್ ಹಾಕಿ ಸಣ್ಣ ಸಣ್ಣ ರೂಮ್ ಮಾಡಿದ್ದಾರೆ. ಒಂದೇ ಮೆಟ್ಟಿಲು, ಎಲ್ಲ ಕಿಟಕಿಗೂ ವೆಲ್ಡ್ ಮಾಡಿದ ಗ್ರಿಲ್, ರಾತ್ರಿ 9ರ ಮೇಲೆ ಕೆಳಗಿನ ಗೇಟಿಗೆ ಬೀಗ. ಪ್ರತಿ ರೂಮಿನಲ್ಲೂ ಇಂಡಕ್ಷನ್, ಹೀಟರ್ ಕಾಯಿಲ್. 21 ಮೀಟರ್ ಲೆಕ್ಕದಲ್ಲಿ ಇದು ಎಲ್ಲಿಗೂ ಬರುವುದಿಲ್ಲ ಅಲ್ವಾ? ಎರಡೇ ಮಹಡಿ. ಯಾರಿಗೆ ಹೇಳುವುದು?

ಬಲ್ಮಠ ಪ್ಲಾನ್
ಪುಟ್ಟಿ, ಎತ್ತರದ ಲೆಕ್ಕಕ್ಕೆ ಬರುವುದಿಲ್ಲ ನಿಜ, ಆದರೆ ಎನ್‌ಬಿಸಿಯಲ್ಲಿ ಹಾಸ್ಟೆಲ್, ಲಾಡ್ಜಿಂಗ್‌ಗೆ ಮನೆಗಿಂತ ಬೇರೆಯೇ ಗುಂಪು ಇದೆ. ಪಿಜಿ ನಡೆಸಲು ಪಾಲಿಕೆಯ ಪರವಾನಗಿ ಬೇಕು, ಹಾಗಾಗಿ ಪಾಲಿಕೆಯ ಆರೋಗ್ಯ ವಿಭಾಗಕ್ಕೆ ಬರೆದು ದೂರು ಕೊಡಬಹುದು. ಹೆಸರು ಹಾಕಲು ಹೆದರಿಕೆ ಇದ್ದರೆ ಕಾಲೇಜಿನ ಕಡೆಯಿಂದ ಬರೆಸಿ.

ಫಳ್ನೀರ್ ಸಿಸ್ಟರ್
ಪುಟ್ಟಿ, ದೂರು ಒಂದು ಕಡೆ ಇರಲಿ. ನಾಳೆಯೇ ಮಾಡಬಹುದಾದದ್ದು ಕೇಳು. ಬ್ಯಾಟರಿ ಹಾಕುವ ಸ್ಮೋಕ್ ಅಲಾರಂ ಆನ್‌ಲೈನಿನಲ್ಲಿ ಸಿಗುತ್ತದೆ, ನಾಲ್ಕು ಹುಡುಗಿಯರು ಸೇರಿದರೆ ದೊಡ್ಡ ಮೊತ್ತ ಅಲ್ಲ. ಮೆಟ್ಟಿಲ ಮೇಲಿನ ಸೀಲಿಂಗಿಗೆ ಅಂಟಿಸಿ. ಬ್ಯಾಟರಿ ಮುಗಿಯುತ್ತಾ ಬಂದರೆ ಟಿಕ್ ಟಿಕ್ ಅನ್ನುತ್ತದೆ, ಆಗ ಬದಲಿಸಬೇಕು, ಬಿಚ್ಚಿ ಡ್ರಾಯರಿಗೆ ಹಾಕಬಾರದು. ಗೇಟಿನ ಒಂದು ಕೀಲಿ ಒಳಗೆ, ಎಲ್ಲರಿಗೂ ಗೊತ್ತಿರುವ ಮೊಳೆಗೆ ನೇತುಹಾಕಲು ಹೇಳು. ಕೊಡದಿದ್ದರೆ ಪಿಜಿ ಬದಲಿಸು, ಕಂಕನಾಡಿಯಲ್ಲಿ ಪಿಜಿಗೇನು ಬರಗಾಲ ಇಲ್ಲ.

ಬಂದರು ಬಾಬಣ್ಣ
ಗ್ರಿಲ್ ವಿಷಯ ಮನೆಯವರಿಗೂ ಅನ್ವಯ. ಏಳನೇ ಮಹಡಿಗೂ ಗ್ರಿಲ್. ಕಳ್ಳ ಹಾರಿಕೊಂಡು ಬರುತ್ತಾನಾ? ಮಕ್ಕಳ ಭಯಕ್ಕೆ ಅನ್ನುತ್ತಾರೆ, ಒಪ್ಪುತ್ತೇನೆ. ಆದರೆ ಒಂದು ಭಾಗ ಕೀಲಿ ಹಾಕಿ ತೆರೆಯುವ ಹಾಗೆ ಮಾಡಿಸಿ.

ನೀರುದೋಸೆ
ಗ್ರಿಲ್ ಪಾರಿವಾಳಕ್ಕೆ ಮಾರಾಯ್ರೆ.

ಬಂದರು ಬಾಬಣ್ಣ
ಪಾರಿವಾಳಕ್ಕೆ ನೆಟ್ ಸಾಕು.

ದೇರೆಬೈಲ್ ದುಬೈ
ಗ್ಯಾಸ್ ಡಿಟೆಕ್ಟರ್ ಬಗ್ಗೆ ಯಾರಿಗಾದರೂ ಗೊತ್ತಾ? ನಮ್ಮ ಕಡೆ ಪೈಪ್ ಗ್ಯಾಸ್ ಬಂತು. ಸಿಲಿಂಡರ್ ಇದ್ದಾಗ ಹಾಕಿಸಿದ್ದೇ ಸಾಕಾ?

ಸುರತ್ಕಲ್ ಫಿಟ್ಟರ್
ಸಾಕಾಗುವುದಿಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಹತ್ತಿರ ಕೂರುತ್ತದೆ. ಅದಕ್ಕೇ ಡಿಟೆಕ್ಟರ್ ಕೆಳಗೆ, ನೆಲದಿಂದ ಸ್ವಲ್ಪವೇ ಮೇಲೆ ಇಡುತ್ತಾರೆ. ಪೈಪಿನಲ್ಲಿ ಬರುವುದು ನೈಸರ್ಗಿಕ ಅನಿಲ, ಹೆಚ್ಚಿನ ಪಾಲು ಮಿಥೇನ್, ಗಾಳಿಗಿಂತ ಹಗುರ, ಮೇಲೆ ಹೋಗುತ್ತದೆ. ಡಿಟೆಕ್ಟರ್ ಸೀಲಿಂಗಿನ ಹತ್ತಿರ ಇರಬೇಕು, ಅದು ಮಿಥೇನ್ ಹಿಡಿಯುವಂಥದ್ದೂ ಆಗಿರಬೇಕು. ಕೊಚ್ಚಿ–ಮಂಗಳೂರು ಪೈಪ್‌ಲೈನ್ 2021ರ ಜನವರಿಯಲ್ಲಿ ಶುರುವಾದ ಮೇಲೆ ಇಲ್ಲಿಯೂ ಪೈಪ್ ಗ್ಯಾಸ್ ಮನೆಗೆ ಬರುತ್ತಾ ಇದೆ, ಆದರೆ ಡಿಟೆಕ್ಟರ್ ಮಾತ್ರ ಹಳೆಯ ಜಾಗದಲ್ಲೇ ಸಿಲಿಂಡರ್ ಕಾಯುತ್ತಾ ಕೂತಿರುತ್ತದೆ. ವಾಸನೆ ಬಂದರೆ ಸ್ವಿಚ್ ಹಾಕುವುದೂ ಬೇಡ, ತೆಗೆಯುವುದೂ ಬೇಡ. ವಾಲ್ವ್ ಬಂದ್ ಮಾಡಿ, ಕಿಟಕಿ ತೆರೆಯಿರಿ.

ಉರ್ವದ ಅಕ್ಕ
ಮಗನಿಗೆ ಈಗಲೇ ಫಾರ್ವರ್ಡ್ ಮಾಡಿದೆ. ಹಾಗಾದರೆ ಎಕ್ಸ್‌ಟಿಂಗ್ವಿಷರ್ ಯಾವುದು ತೆಗೆದುಕೊಳ್ಳಬೇಕು?

ಸುರತ್ಕಲ್ ಫಿಟ್ಟರ್
ಮನೆಗೆ ಎಬಿಸಿ ಪೌಡರಿನದ್ದು. ಗೇಜಿನ ಮುಳ್ಳು ಹಸಿರಿನಲ್ಲಿ ಇರಬೇಕು. ಲಿಫ್ಟ್ ರೂಮ್, ವಿದ್ಯುತ್ ಪ್ಯಾನೆಲ್ ಹತ್ತಿರ ಸಿಒ2. ಆದರೆ ಎಣ್ಣೆ ಬಾಣಲೆಗೆ ಬೆಂಕಿ ಹಿಡಿದರೆ ಗ್ಯಾಸ್ ಬಂದ್ ಮಾಡಿ ಮುಚ್ಚಳ ಮುಚ್ಚಿ, ನೀರು ಮಾತ್ರ ಹಾಕಬೇಡಿ.

ಕುಡ್ಲ ಕಂಜೂಸ್
ಇಷ್ಟೆಲ್ಲ ಇದ್ದು ಫೈರ್ ಎಂಜಿನ್ ಬರುವುದು ಹೇಗೆ? ಕದ್ರಿ, ಪಾಂಡೇಶ್ವರದಲ್ಲಿ ಸ್ಟೇಷನ್ ಇದೆ, ಹತ್ತಿರವೇ. ಹಂಪನಕಟ್ಟೆ ದಾಟಿ ಬರಬೇಕಲ್ಲ ಸಂಜೆ 6ಕ್ಕೆ! ಬಂದರೂ ನಿಮ್ಮ ಓಣಿಯಲ್ಲಿ ಎರಡು ಬದಿ ಕಾರು.

ಮಣ್ಣಗುಡ್ಡ ಮೇಷ್ಟ್ರು
ಅದಕ್ಕೇ ಅಲ್ವಾ ಕಟ್ಟಡದೊಳಗೇ ವ್ಯವಸ್ಥೆ ಬೇಕು ಅನ್ನುವುದು! ಎಂಜಿನ್ ತಡವಾಗುತ್ತದೆ ಅನ್ನುವುದು ಸ್ಪ್ರಿಂಕ್ಲರ್ ಪರವಾದ ವಾದ, ವಿರುದ್ಧ ಅಲ್ಲ. ನೀವೇ ನಮ್ಮ ಕಡೆಗೆ ಬಂದಿರಿ.

ಕುಡ್ಲ ಕಂಜೂಸ್
ಕಡೆಗೆ ಬಂದಿಲ್ಲ ಮೇಷ್ಟ್ರೇ, ಖರ್ಚಿನ ಕಡೆಯಲ್ಲೇ ಇದ್ದೇನೆ. ರಿಪೇರಿ ಮಾಡಲಿ, ಹೊಸದು ಬೇಡ ಅಂದೆ.

ಬಂದರು ಬಾಬಣ್ಣ
ಅದನ್ನು ನೀವು ಅಂದದ್ದೇ ಇಲ್ಲ, ಫಿಟ್ಟರ್ ಅಂದದ್ದು.

ಬಲ್ಮಠ ಪ್ಲಾನ್
ಓಣಿಯ ವಿಷಯ ಬಂತಲ್ಲ, ಕಟ್ಟಡದ ಸುತ್ತ ಬಿಟ್ಟ ಜಾಗ ಫೈರ್ ಎಂಜಿನ್ ತಿರುಗಾಡಲು. ಅದನ್ನು ಪಾರ್ಕಿಂಗ್ ಅಂತ ಮಾರುವುದು, ಅಲ್ಲಿ ಚಪ್ಪರ ಎಳೆಯುವುದು ಸಲ್ಲ. ಮತ್ತೆ ಗೇಟಿನ ಹತ್ತಿರ ಗೋಡೆಯಲ್ಲಿ ಕೆಂಪು ಬಾಯಿಯ ಇನ್‌ಲೆಟ್ ಇರುತ್ತದೆ. ನಿಮ್ಮ ಪಂಪ್ ಕೆಟ್ಟಿದ್ದರೂ ಎಂಜಿನ್‌ನಿಂದ ಅದಕ್ಕೆ ಹೋಸ್ ಸಿಕ್ಕಿಸಿ ನಿಮ್ಮದೇ ಪೈಪಿಗೆ ನೀರು ತಳ್ಳುತ್ತಾರೆ. ಎಷ್ಟು ಕಡೆ ಅದರ ಎದುರು ಸ್ಕೂಟರ್, ಹೂಕುಂಡ, ಬಾಯಿಯ ಒಳಗೆ ಪ್ಲಾಸ್ಟಿಕ್ ಬಾಟಲಿ ಅಂತ ಹೇಳಿ ಪ್ರಯೋಜನ ಇಲ್ಲ.

ಮಣಿಪಾಲ ಮೋಟಾರ್
ಉಡುಪಿ ಕಡೆಯಿಂದ ಒಂದು ಪ್ರಶ್ನೆ. ನಮ್ಮ ಬೇಸ್‌ಮೆಂಟಿನಲ್ಲಿ ಈಗ ಇವಿ ಸ್ಕೂಟರ್ ಹತ್ತಿಪ್ಪತ್ತು ಆಗಿವೆ. ಎಲ್ಲರೂ ಮೀಟರ್ ಬೋರ್ಡಿನಿಂದ ಎಕ್ಸ್‌ಟೆನ್ಷನ್ ಎಳೆದು ರಾತ್ರಿಯಿಡೀ ಚಾರ್ಜ್ ಹಾಕುತ್ತಾರೆ. ಲಿಥಿಯಂ ಬ್ಯಾಟರಿಗೆ ಸ್ಪ್ರಿಂಕ್ಲರ್ ನೀರು ಬಿದ್ದರೆ ಇನ್ನೂ ಅಪಾಯ ಅಂತ ಒಬ್ಬರು ಹೇಳಿದರು. ಹೌದಾ?

ಸುರತ್ಕಲ್ ಫಿಟ್ಟರ್
ಅಲ್ಲ ಸರ್. ಲಿಥಿಯಂ ಅಯಾನ್ ಬ್ಯಾಟರಿಗೆ ತಣ್ಣಗೆ ಮಾಡಲು ನೀರೇ ಬೇಕು, ಅದೂ ಬಹಳ ನೀರು. ಸ್ಪ್ರಿಂಕ್ಲರ್ ಬ್ಯಾಟರಿಯ ಒಳಗಿನ ಬೆಂಕಿ ನಂದಿಸುವುದು ಕಷ್ಟ, ಆದರೆ ಪಕ್ಕದ ಗಾಡಿಗೆ ಹಬ್ಬುವುದನ್ನು ತಡೆಯುತ್ತದೆ. ಆರಿದ ಹಾಗೆ ಕಂಡು ಮತ್ತೆ ಹೊತ್ತಿಕೊಳ್ಳುವುದೂ ಉಂಟು. ಎಕ್ಸ್‌ಟೆನ್ಷನ್ ಬಾಕ್ಸ್ ಮೊದಲು ನಿಲ್ಲಿಸಿ. ಒಂದು ಜಾಗ ಗುರುತಿಸಿ, ಸಾಧ್ಯವಾದರೆ ಬಯಲಿನ ಕಡೆಗೆ, ಸರಿಯಾದ ಕೇಬಲ್ ಎಳೆಸಿ ಪಾಯಿಂಟ್ ಕೊಡಿಸಿ. ಮೆಟ್ಟಿಲ ಬುಡದಲ್ಲಿ ಮಾತ್ರ ಬೇಡವೇ ಬೇಡ.

ಮಣಿಪಾಲ ಮೋಟಾರ್
ಈಗ ಇರುವುದೇ ಮೆಟ್ಟಿಲ ಬುಡದಲ್ಲಿ. ನೆರಳು ಅಂತ.

ಮಣ್ಣಗುಡ್ಡ ಮೇಷ್ಟ್ರು
ಕಾರ್ಯದರ್ಶಿಯವರೇ, ಜನರನ್ನು ಒಪ್ಪಿಸಬೇಕಾದರೆ ಮೀಟಿಂಗ್ ಕರೆಯಬೇಡಿ, ಡ್ರಿಲ್ ಇಡಿ. ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ. 1944ರಲ್ಲಿ ಮುಂಬೈ ಬಂದರಿನಲ್ಲಿ ಹಡಗು ಸಿಡಿದು ಸತ್ತ ಅಗ್ನಿಶಾಮಕದವರ ನೆನಪಿಗೆ ಆಚರಿಸುವುದು. ಆ ವಾರ ಇಲಾಖೆಯವರು ಶಾಲೆ, ಅಪಾರ್ಟ್‌ಮೆಂಟಿಗೆ ಬಂದು ತೋರಿಸುತ್ತಾರೆ, ಕೇಳಿದರೆ ಬೇರೆ ದಿನವೂ ಬರುತ್ತಾರೆ. ನಮ್ಮಲ್ಲಿ ಮಾಡಿದಾಗ ಮಕ್ಕಳು ಎಕ್ಸ್‌ಟಿಂಗ್ವಿಷರ್ ಹೊಡೆಯಲು ಸಾಲು ನಿಂತವು. ಮಕ್ಕಳು ಬಂದರೆ ಅಪ್ಪ ಅಮ್ಮ ಬರಲೇಬೇಕು. ಆಮೇಲೆ ಅಜ್ಜಂದಿರಿಗೆ ಮೆಟ್ಟಿಲು ಇಳಿಯಲು ಎಷ್ಟು ಹೊತ್ತು ಬೇಕು ಅಂತ ಎಲ್ಲರಿಗೂ ಕಣ್ಣಾರೆ ಗೊತ್ತಾಯಿತು. ಮರುವಾರ ಮೆಟ್ಟಿಲ ಮೇಲಿನ ಚಪ್ಪಲಿ ಸ್ಟ್ಯಾಂಡ್ ಎಲ್ಲ ಮಾಯ.

ದೇರೆಬೈಲ್ ದುಬೈ
ಫೋನ್ ನಂಬರ್ ಕೂಡ ಗೇಟಿನಲ್ಲಿ ಬರೆಯಿರಿ. 101 ಅಥವಾ 112. ವಾಚ್‌ಮ್ಯಾನ್‌ಗೆ ವಿಳಾಸವನ್ನು ಗುರುತಿನ ಜತೆ ಹೇಳಲು ಕಲಿಸಿ. ನಮ್ಮವನಿಗೆ ಬಿಲ್ಡಿಂಗಿನ ಪೂರ್ತಿ ಹೆಸರೇ ಗೊತ್ತಿರಲಿಲ್ಲ.

ಕಾಪಿಕಾಡ್ ಕಾರ್ಯದರ್ಶಿ
ಎಲ್ಲರಿಗೂ ಬಹಳ ಉಪಕಾರ ಆಯಿತು. ಹಳೆಯ ಫೈಲ್ ಹುಡುಕಿದೆ, ಎನ್‌ಒಸಿ ಪತ್ರ ಸಿಕ್ಕಿತು. ಬಲ್ಮಠದವರು ಹೇಳಿದ ಹಾಗೆ ಬೇಸ್‌ಮೆಂಟ್ ಸ್ಪ್ರಿಂಕ್ಲರ್, ಹೋಸ್ ರೀಲ್, ಅಲಾರಂ ಎಲ್ಲ ಷರತ್ತಿನಲ್ಲಿ ಇದೆ. ಗುಜರಿಗೆ ಹಾಕಿ ಅಂದವರಿಗೆ ಅದರ ಫೋಟೋ ಗ್ರೂಪಿನಲ್ಲಿ ಹಾಕಿದೆ, ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಪಂಪ್ ಸ್ವಿಚ್ ಆಫ್ ಇತ್ತು, ಫಿಟ್ಟರಣ್ಣ ಜಾತಕ ನೋಡಿದ ಹಾಗೆ ಹೇಳಿದ್ದಾರೆ. ಡಕ್ಟ್ ಖಾಲಿ ಮಾಡಿಸಿದೆ. ಮುಂದಿನ ಭಾನುವಾರ ಪ್ರೆಶರ್ ಟೆಸ್ಟ್. ಆಮೇಲೆ ಬೇಕಾದಷ್ಟೇ ಪೈಪ್ ಬದಲಿಸುವುದು ಅಂತ ಖಜಾಂಚಿ ಒಪ್ಪಿದ್ದಾರೆ. ಇನ್ನೇನಾದರೂ ನೋಡಿಕೊಳ್ಳಬೇಕಾ?

ಸುರತ್ಕಲ್ ಫಿಟ್ಟರ್
ಪೈಪಿನ ಕೊನೆಯಲ್ಲಿ ಟೆಸ್ಟ್ ವಾಲ್ವ್ ಇರುತ್ತದೆ. ಅದನ್ನು ತೆರೆದರೆ ಒಂದು ಹೆಡ್ ಒಡೆದಷ್ಟು ನೀರು ಹೋಗುತ್ತದೆ, ಆಗ ಪಂಪ್ ತಾನಾಗಿ ಎದ್ದೇಳಬೇಕು, ಅಲಾರಂ ಕೂಗಬೇಕು. ಎರಡೂ ಆದರೆ ಮಾತ್ರ ಬಿಲ್ಲಿಗೆ ಸಹಿ ಹಾಕಿ. ಹಿಂದಿನ ದಿನವೇ ಗ್ರೂಪಿನಲ್ಲಿ ಹೇಳಿ, ಕಾರುಗಳನ್ನು ಹೊರಗೆ ತೆಗೆಸಿ. ಮತ್ತೆ ಆ ನೀರು ಎಲ್ಲಿಗೆ ಹರಿಯುತ್ತದೆ ಮೊದಲೇ ನೋಡಿಕೊಳ್ಳಿ. ಕಾಪಿಕಾಡ್ ಇಳಿಜಾರು ಜಾಗ, ಕೆಳಗಿನ ಕಾಂಪೌಂಡಿಗೆ ಹೋದರೆ ಅವರು ಇಲ್ಲಿ ಇನ್ನೊಂದು ಚರ್ಚೆ ಶುರು ಮಾಡುತ್ತಾರೆ.